ಬಿಟ್ಟ ನೆಲ ಯಾರದು?

ಪಾಠಶಾಲೆಯಲ್ಲಿ ಮಕ್ಕಳಿಗೆ ನಾವು ಮೊದಮೊದಲು ಕಲಿಸುವ ನಿಯಮಗಳಲ್ಲಿ ಒಂದು, ಹಾಳೆಯ ಎಡಬದಿಯಲ್ಲಿ ಅಂಚು ಬಿಟ್ಟು ಬರೆಯಬೇಕೆಂಬುದು. ಒಮ್ಮೆ ನಮ್ಮ ಶಾಲೆಯ ಜಾಣ ಹುಡುಗನೊಬ್ಬನು ನನ್ನನ್ನು ಕೇಳಿದನು: "ಪುಸ್ತಕ ನಮ್ಮಪ್ಪ ಕೊಂಡದ್ದು, ಹಾಳೆ ನನ್ನದು. ಅಷ್ಟು ಜಾಗವನ್ನು ನಾನೇಕೆ ಬಿಡಬೇಕು?" ಅದು ತಿದ್ದುವವರಿಗೆ ಬೇಕಾದ ಜಾಗವೆಂದೂ, ಹಾಳೆಯು ನಿನ್ನದೇ ಆದರೂ ಅಂಚು ನಿನ್ನೊಬ್ಬನದಲ್ಲವೆಂದೂ ಉತ್ತರ ಕೊಟ್ಟೆನು. ಹುಡುಗನು ಒಪ್ಪಿಕೊಂಡು ಹೋಗಿ ಕುಳಿತನು. ಆದರೆ ಆ ಉತ್ತರವನ್ನು ಕೊಟ್ಟ ನಾನೇ, ಅದನ್ನು ಹಾಳೆಯಿಂದಾಚೆಗೆ ನೆಲಕ್ಕೆ ಅನ್ವಯಿಸಿ ನೋಡಬೇಕಾಗಿ ಬಂದಾಗ ತಪ್ಪಿದೆನು. ಆ ತಪ್ಪಿನಿಂದ ಹುಟ್ಟಿದ ವಿಚಾರವನ್ನು ವಾಚಕ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಪಟ್ಟಣಗಳಲ್ಲಿ ಮನೆಯನ್ನಾಗಲಿ ಅಂಗಡಿಯ ಕಟ್ಟಡವನ್ನಾಗಲಿ ಕಟ್ಟುವವನು ತನ್ನ ನಿವೇಶನದ ನಾಲ್ಕು ಎಲ್ಲೆಗಳವರೆಗೂ ಗೋಡೆಯೆಬ್ಬಿಸಲು ಕಾಯಿದೆಯು ಬಿಡುವುದಿಲ್ಲ. ಮುಂದೆ ಇಷ್ಟು, ಹಿಂದೆ ಇಷ್ಟು, ಪಕ್ಕಗಳಲ್ಲಿ ಇಷ್ಟು ನೆಲವನ್ನು ಬರಿದಾಗಿ ಬಿಡಬೇಕೆಂದು ಅದು ವಿಧಿಸುತ್ತದೆ. ಇದನ್ನೇ ಸೆಟ್‌ಬ್ಯಾಕ್ ಎನ್ನುತ್ತಾರೆ, ನಾವು ಬಿಡುಜಾಗವೆನ್ನೋಣ. ನಿವೇಶನದ ವಿಸ್ತೀರ್ಣ, ಕಟ್ಟಡದ ಎತ್ತರ, ಎದುರಿನ ರಸ್ತೆಯ ಅಗಲ ಇವುಗಳನ್ನು ನೋಡಿಕೊಂಡು ಅದರ ಅಳತೆ ಹೆಚ್ಚು ಕಡಿಮೆಯಾಗುತ್ತದೆ. ನಿಯಮದಂತೆ ಬಿಡಲು ಸಾಧ್ಯವಿಲ್ಲದವನು ಪುರಸಭೆಗೋ ಪಟ್ಟಣ ಯೋಜನಾ ಮಂಡಳಿಗೋ ಅರ್ಜಿ ಬರೆದು, ನಿಯಮವನ್ನು ತನ್ನ ಮಟ್ಟಿಗೆ ಸಡಿಲಿಸಬೇಕೆಂದು ಕೇಳಿಕೊಳ್ಳುವುದುಂಟು. ಎಲ್ಲರಿಗೂ ಒಂದೇ ಆದ ನಿಯಮದಿಂದ ನನಗೆ ಮಾತ್ರ ವಿನಾಯಿತಿ ಬೇಕೆಂದು ಕೇಳುವುದು ಧರ್ಮವೇ, ಅಧರ್ಮವೇ? ಇದೇ ನಮ್ಮ ಪ್ರಶ್ನೆ.

ಮೊದಲು ಬಿಡುಜಾಗದ ಪ್ರಯೋಜನವನ್ನು ತಿಳಿಯಬೇಕು. ನಮ್ಮದು ಮಳೆ ಕಡಿಮೆಯಾದ ಸೀಮೆ; ಆದರೆ ಬಂದ ಮಳೆ ಒಮ್ಮೆಗೇ ಬಂದು ಸುರಿಯುವುದು. ಸೂರಿನ ನೀರು ಯಾರ ನೆಲದಲ್ಲಿ ಬೀಳಬೇಕೆಂಬ ಜಗಳವನ್ನು ಕಾಣದ ಹಳ್ಳಿಯಿಲ್ಲ. ಬಿಸಿಲಿನ ದಿನಗಳಲ್ಲಿ ಎರಡು ಗೋಡೆಗಳ ನಡುವಿನ ಸಂದಿಯಲ್ಲಿ ಸುಳಿಯುವ ಗಾಳಿಯ ಬೆಲೆ ನಮಗೆ ಗೊತ್ತು. ಬೆಂಕಿ ಬಿದ್ದಾಗ ಏಣಿಯಿಡಲು, ನೀರಿನ ಬಂಡಿ ನುಗ್ಗಲು, ಒಳಗಿನವರು ಹೊರಗೆ ಓಡಲು ತೆರವು ಬೇಕು. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಎಂಬ ವಾಣಿಜ್ಯ ಕಟ್ಟಡದಲ್ಲಿ 2010ರ ಫೆಬ್ರವರಿ 23ರಂದು ಬೆಂಕಿಯೆದ್ದು 9 ಜನರು ಸತ್ತರು. ತೆರೆದ ದಾರಿಯೆಂಬುದು ಜೀವದ ಮಾತೆಂದು ಅಂದು ನಾಡಿಗೆಲ್ಲ ತಿಳಿಯಿತು. ನಮ್ಮ ಬೆಳುಗುಪ್ಪದ ಸುತ್ತಲಿನ ಬಯಲಿನಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸಿರುವುದನ್ನು ನೋಡಿರಿ. ಅವನ್ನು ಒತ್ತೊತ್ತಾಗಿ ನಿಲ್ಲಿಸುವುದಿಲ್ಲ. ಒಂದರ ರೆಕ್ಕೆಗೆ ಸಿಕ್ಕಿ ಬಲಗುಂದಿದ ಗಾಳಿಯು ಇನ್ನೊಂದಕ್ಕೆ ಸಾಲದು. ಆದುದರಿಂದ ಅವುಗಳ ನಡುವೆ ರೆಕ್ಕೆಚಕ್ರದ ವ್ಯಾಸದ ಹಲವು ಪಟ್ಟು ಅಂತರವಿಡುತ್ತಾರೆ. ಯಂತ್ರಕ್ಕೆ ಸಲ್ಲುವ ಈ ನ್ಯಾಯವು ಮನುಷ್ಯರ ಮನೆಗಳಿಗೂ ಸಲ್ಲಬೇಡವೆ? ನನ್ನ ನೆಲದ ಮೇಲೆ ಹಾದು ನೆರೆಯವನ ಕಿಟಕಿಗೆ ಹೋಗುವ ಗಾಳಿಬೆಳಕುಗಳನ್ನು ನಾನು ಕೊಂಡವನಲ್ಲ.

ಈ ವಿಚಾರವು ಪರದೇಶದಿಂದ ಬಂದದ್ದೆಂದು ಕೆಲವರು ಭಾವಿಸುತ್ತಾರೆ. ಹಾಗಲ್ಲ. ಪ್ರಾಚೀನ ರೋಮಿನ ಹನ್ನೆರಡು ಫಲಕಗಳ ಶಾಸನದಲ್ಲಿ ಪ್ರತಿ ಕಟ್ಟಡದ ಸುತ್ತ ಎರಡೂವರೆ ಅಡಿ ನೆಲವನ್ನು ಬಿಡಬೇಕೆಂಬ ವಿಧಿಯಿದ್ದುದು ನಿಜ. ಆದರೆ ನಮ್ಮಲ್ಲಿಯೂ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದೇ ವಿಷಯವು ವಿವರವಾಗಿ ಬಂದಿದೆ. ಬಹುಕಾಲ ಮರೆಯಾಗಿದ್ದ ಆ ಗ್ರಂಥವನ್ನು ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿದ್ದ ಪಂಡಿತ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿ ಲೋಕಕ್ಕೆ ಕೊಟ್ಟರೆಂಬುದು ಕನ್ನಡಿಗರು ಹೆಮ್ಮೆಪಡತಕ್ಕ ಸಂಗತಿ. ಮೂರನೆಯ ಅಧಿಕರಣದಲ್ಲಿ, ಎರಡು ಮನೆಗಳ ನಡುವೆ ಇರಬೇಕಾದ ಅಂತರ, ನೀರು ಹರಿಯುವ ಕಾಲುವೆ, ಕಿಟಕಿಯ ಸ್ಥಾನ ಇವೆಲ್ಲಕ್ಕೂ ಕಟ್ಟಳೆಗಳಿವೆ, ಮೀರಿದವನಿಗೆ ದಂಡವಿದೆ.

ಆ ಕಟ್ಟಳೆಗಳ ನಡುವೆಯೇ ಎರಡು ಮಾತುಗಳು ನನ್ನ ಮನಸ್ಸನ್ನು ಸೆಳೆದವು. ಒಂದು, ಕಸದ ಗುಂಡಿ, ನೀರಿನ ದಾರಿ ಮುಂತಾದವನ್ನು ತಕ್ಕ ಸ್ಥಳದಲ್ಲಲ್ಲದೆ ಮಾಡಕೂಡದೆಂದು ಹೇಳಿ, ಬಾಣಂತಿಯ ಬಳಕೆಯ ಗುಂಡಿಗೆ ಮಾತ್ರ ಹತ್ತು ದಿನಗಳ ಮಟ್ಟಿಗೆ ವಿನಾಯಿತಿ ಕೊಟ್ಟಿರುವುದು. ಇನ್ನೊಂದು, ನೆರೆಹೊರೆಯ ಮನೆಯೊಡೆಯರು ಕೂಡಿ ಒಪ್ಪಿಕೊಂಡರೆ ಬೇರೆ ಬಗೆಯಾಗಿ ಕಟ್ಟಿಕೊಳ್ಳಬಹುದು, ಆದರೆ ಕೆಡುಕಾಗದಂತೆ ನೋಡಿಕೊಳ್ಳಬೇಕು ಎಂದಿರುವುದು. ವಿನಾಯಿತಿಯ ಧರ್ಮವೆಲ್ಲವೂ ಈ ಎರಡು ಮಾತುಗಳಲ್ಲಿ ಅಡಗಿದೆಯೆಂದು ನನಗೆ ತೋರುತ್ತದೆ. ಬಾಣಂತಿಯ ಕಷ್ಟವು ಆಸೆಯಿಂದ ಹುಟ್ಟಿದ ನೆಪವಲ್ಲ, ನಿಜವಾದ ಕಷ್ಟ. ಅದಕ್ಕೆ ಕೊಟ್ಟ ಸಡಿಲಿಕೆಗೆ ಮಿತಿಯಿದೆ. ನೆರೆಯವರ ಒಪ್ಪಿಗೆಯ ಮಾತಿನಲ್ಲಿ, ನಷ್ಟವನ್ನು ತಾಳತಕ್ಕವನನ್ನು ಮೊದಲು ಕೇಳಬೇಕೆಂಬ ನ್ಯಾಯವಿದೆ. ಆದುದರಿಂದ ವಿನಾಯಿತಿಯನ್ನು ಕೇಳುವುದೇ ಪಾಪವೆಂದು ಹೇಳಲಾಗದು. ಸಡಿಲವಾಗಲಾರದ ನಿಯಮವು ಕ್ರೂರವಾಗುತ್ತದೆ. ಮೂರು ಮೈಲಿ ನಡೆದು ಬರುವ ಮಗುವು ಪ್ರಾರ್ಥನೆಗೆ ತಡವಾದರೆ ಯಾವ ಉಪಾಧ್ಯಾಯನೂ ದಂಡಿಸಲಾರನು. ಆದರೆ ಶಾಲೆಯ ಎದುರು ಮನೆಯ ಹುಡುಗನು ಅದೇ ರಿಯಾಯಿತಿಯನ್ನು ಕೇಳಿದರೆ ನಾವು ಕೊಡುವೆವೆ?

ಇನ್ನು ನನ್ನ ತಪ್ಪನ್ನು ಹೇಳಬೇಕು. ಹಳ್ಳಿಯ ಉಪಾಧ್ಯಾಯನೆಂದರೆ ಊರವರೆಲ್ಲರ ಅರ್ಜಿಗಳನ್ನು ಬರೆಯುವವನೂ ಹೌದು. ಕನ್ನಡದಲ್ಲಿ ಪಾಠ ಹೇಳಿ, ತೆಲುಗಿನಲ್ಲಿ ಅರ್ಜಿ ಬರೆಯುವುದು ಈ ಗಡಿಸೀಮೆಯ ನಮಗೆ ರೂಢಿಯಾಗಿದೆ. ಕೆಲವು ವರ್ಷಗಳ ಹಿಂದೆ, ಸಮೀಪದ ಒಂದು ಪಟ್ಟಣದಲ್ಲಿ ಅಂಗಡಿಗಳ ಸಾಲನ್ನು ಕಟ್ಟಿಸುತ್ತಿದ್ದ ಪರಿಚಿತರೊಬ್ಬರು ಬಂದು, ಪಕ್ಕದ ಬಿಡುಜಾಗದಲ್ಲಿ ವಿನಾಯಿತಿ ಬೇಕೆಂದು ಅರ್ಜಿ ಬರೆಸಿದರು. ಅವರು ಹೇಳಿದ್ದನ್ನೆಲ್ಲ ನಾನು ಒಳ್ಳೆಯ ಭಾಷೆಯಲ್ಲಿ ಬರೆದೆನು. ಕೊನೆಯಲ್ಲಿ, ಇದರಿಂದ ನೆರೆಹೊರೆಯವರಿಗೆ ಯಾವ ತೊಂದರೆಯೂ ಇಲ್ಲವೆಂಬ ಒಂದು ವಾಕ್ಯವನ್ನು ಸೇರಿಸಿದೆನು. ಅದನ್ನು ಅವರು ಹೇಳಿರಲಿಲ್ಲ. ಅರ್ಜಿಗಳಲ್ಲಿ ಹಾಗೆ ಬರೆಯುವುದು ವಾಡಿಕೆಯಾದ್ದರಿಂದ ನಾನೇ ಬರೆದೆನು. ಸ್ಥಳವನ್ನು ನೋಡಿರಲಿಲ್ಲ, ನೆರೆಯವರು ಯಾರೆಂದು ಕೇಳಿರಲಿಲ್ಲ. ಅರ್ಜಿ ಮಂಜೂರಾಯಿತು. ನನ್ನ ಬರವಣಿಗೆಯನ್ನು ಅವರು ಹೊಗಳಿದರು, ನಾನೂ ಸಂತೋಷಪಟ್ಟೆನು.

ಎರಡು ವರ್ಷಗಳ ಮೇಲೆ, ಅದೇ ಪಟ್ಟಣದಲ್ಲಿ ನೆಲಸಿದ್ದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಮನೆಗೆ ಹೋಗುವ ಸಂದರ್ಭ ಬಂದಿತು. ಹಗಲು ಮೂರು ಗಂಟೆಯ ಹೊತ್ತು. ಒಳಗೆ ದೀಪ ಉರಿಯುತ್ತಿತ್ತು. ಏಕೆಂದು ಕೇಳಿದೆನು. ಕಿಟಕಿಯ ಕದವನ್ನು ತೆರೆದು ತೋರಿಸಿದಳು. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರದಲ್ಲಿ ಸಿಮೆಂಟಿನ ಗೋಡೆಯಿತ್ತು. ವಿದ್ಯುತ್ತು ಹೋದರೆ ಮಗನು ಪುಸ್ತಕಗಳನ್ನು ಎತ್ತಿಕೊಂಡು ಬೀದಿಯ ಕಟ್ಟೆಗೆ ಹೋಗಿ ಓದುತ್ತಾನೆ ಎಂದಳು. ಅದು ಯಾರ ಗೋಡೆಯೆಂದು ಕೇಳಬೇಕಾದ ಅಗತ್ಯವಿರಲಿಲ್ಲ. ಅವಳು ಯಾರನ್ನೂ ದೂರಲಿಲ್ಲ. "ದೊಡ್ಡವರು ಪರ್ಮಿಷನ್ ತಂದು ಕಟ್ಟಿದ್ದಾರೆ, ಸಾರ್" ಎಂದಷ್ಟೇ ಹೇಳಿ ನನಗೆ ಕಾಫಿ ತಂದಿಟ್ಟಳು. ಆ ಅರ್ಜಿಯನ್ನು ಬರೆದ ಕೈ ಇದೇ ಎಂದು ಹೇಳುವ ಧೈರ್ಯ ನನಗೆ ಆ ದಿನ ಬರಲಿಲ್ಲ. ಇಂದು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತಪ್ಪು ಎಲ್ಲಿತ್ತು? ಅರ್ಜಿ ಬರೆದುದರಲ್ಲಿ ತಪ್ಪಿರಲಿಲ್ಲ. ನನ್ನದಲ್ಲದ ನಷ್ಟವನ್ನು ನಷ್ಟವೇ ಅಲ್ಲವೆಂದು ಬರೆದುದರಲ್ಲಿತ್ತು. ತೊಂದರೆಯಿದೆಯೋ ಇಲ್ಲವೋ ಎಂಬುದನ್ನು ಹೇಳತಕ್ಕವಳು ಆ ಕಿಟಕಿಯ ಒಳಗಿದ್ದವಳು. ಅವಳ ಮಾತನ್ನು ಅವಳಿಲ್ಲದೆಯೇ ನಾನು ಆಡಿಬಿಟ್ಟೆನು.

ಇಲ್ಲಿ ಕಷ್ಟವೆಂಬ ಶಬ್ದವನ್ನು ಸ್ವಲ್ಪ ಪರೀಕ್ಷಿಸಬೇಕು. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ 1915ರಲ್ಲಿ ಈಕ್ವಿಟಬಲ್ ಕಟ್ಟಡವೆಂಬ ಭಾರಿ ಸೌಧವು ಬೀದಿಯಂಚಿನಿಂದ ನೆಟ್ಟಗೆ ಮೇಲೆದ್ದು ಸುತ್ತಲಿನ ಕಟ್ಟಡಗಳ ಮೇಲೆ ದೊಡ್ಡ ನೆರಳನ್ನು ಚೆಲ್ಲಿತು. ಇಂತಹ ಕಟ್ಟಡಗಳ ಬಗೆಗೆ ಎದ್ದ ಕೂಗು 1916ರಲ್ಲಿ ಆ ನಗರದ ವಲಯ ಕಟ್ಟಳೆಯಾಗಿ ಪರಿಣಮಿಸಿತು. ಎತ್ತರಕ್ಕೆ ಹೋದಂತೆಲ್ಲ ಕಟ್ಟಡವು ಹಿಂದಕ್ಕೆ ಸರಿಯಬೇಕೆಂದು ವಿಧಿಸಲಾಯಿತು. ವಿನಾಯಿತಿಯ ಅರ್ಜಿಗಳನ್ನು ಕೇಳಲು ಒಂದು ಮಂಡಳಿಯೂ ಏರ್ಪಟ್ಟಿತು. ಅರ್ಜಿದಾರರೆಲ್ಲರೂ ಕಷ್ಟವೆಂದೇ ಹೇಳುತ್ತಿದ್ದರು. ಯಾವುದನ್ನು ಕಷ್ಟವೆನ್ನಬೇಕು? ಆ ಪ್ರಾಂತದ ನ್ಯಾಯಾಲಯವು 1939ರಲ್ಲಿ, ನೆಲವನ್ನು ಬೇರೆ ರೀತಿಯಲ್ಲಿ ಬಳಸಬೇಕೆನ್ನುವವರಿಗೆ ಮೂರು ಒರೆಗಲ್ಲುಗಳನ್ನು ಹೇಳಿತು: ನಿಯಮದಂತೆ ನಡೆದರೆ ಆ ನೆಲದಿಂದ ತಕ್ಕಷ್ಟು ಪ್ರತಿಫಲವೇ ದೊರೆಯದಿರಬೇಕು, ಆ ಕಷ್ಟವು ಆ ನೆಲಕ್ಕೆ ವಿಶೇಷವಾದುದಾಗಿರಬೇಕು, ಕೇರಿಗೆಲ್ಲ ಸಾಮಾನ್ಯವಾದುದಾಗಿರಬಾರದು, ವಿನಾಯಿತಿಯಿಂದ ಕೇರಿಯ ಸ್ವರೂಪವೇ ಕೆಡಬಾರದು. ಇದರ ತಿರುಳು ನಮ್ಮ ರೈತನಿಗೂ ತಿಳಿಯುವಂತಹುದೇ. ಹೊಲದ ನಡುವೆ ಬಂಡೆಯಿದ್ದರೆ ಅದು ನೆಲದ ಕಷ್ಟ. ಇನ್ನೆರಡು ಸಾಲು ಹೆಚ್ಚು ಬಿತ್ತಬೇಕೆಂದು ಬದುವಿಗೆ ನೇಗಿಲು ಹಾಕುವುದು ಮನಸ್ಸಿನ ಕಷ್ಟ. ಬದು ಒತ್ತುವವನು ಒಂದೇ ವರ್ಷದಲ್ಲಿ ಒತ್ತುವುದಿಲ್ಲ. ವರ್ಷಕ್ಕೊಂದು ಗೆರೆಯಷ್ಟು ಒತ್ತುತ್ತಾನೆ. ಕೊನೆಗೆ ಬದುವೇ ಇರುವುದಿಲ್ಲ, ಎರಡು ಮನೆತನಗಳು ಕೋರ್ಟಿನಲ್ಲಿರುತ್ತವೆ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು: "ಮಂಡಳಿಯೇ ಅನುಮತಿ ಕೊಟ್ಟ ಮೇಲೆ, ಹಣವೂ ಖರ್ಚಾದ ಮೇಲೆ, ಇನ್ನು ತಪ್ಪೇನು?" ಇದಕ್ಕೆ ಉಡುಪಿಯ ಪ್ರಕರಣವೊಂದು ತಕ್ಕ ಉತ್ತರವಾಗಿದೆ. ಉಡುಪಿಯೂ ನಮ್ಮ ಅನಂತಪುರ, ರಾಯದುರ್ಗಗಳೂ ಒಂದು ಕಾಲಕ್ಕೆ ಮದರಾಸು ಪ್ರಾಂತಕ್ಕೆ ಸೇರಿದ್ದವು; 1953ರವರೆಗೆ ರಾಯದುರ್ಗವು ಬಳ್ಳಾರಿ ಜಿಲ್ಲೆಯ ತಾಲ್ಲೂಕೇ ಆಗಿತ್ತು. ಮದರಾಸಿನ 1920ರ ಪಟ್ಟಣ ಯೋಜನಾ ಕಾಯಿದೆಯೇ ಎರಡೂ ಕಡೆಯ ಯೋಜನೆಗಳಿಗೆ ಮೂಲ. ಉಡುಪಿಯಲ್ಲಿ ವಾಸದ ಮನೆಗಳ ಪ್ರದೇಶವೊಂದರಲ್ಲಿ ಕಲ್ಯಾಣಮಂಟಪ ಹಾಗೂ ಉಪನ್ಯಾಸ ಮಂದಿರವೆಂದು ನಕ್ಷೆ ಮಂಜೂರಾದ ಕಟ್ಟಡವನ್ನು ಸಿನಿಮಾ ಮಂದಿರವಾಗಿ ಮಾರ್ಪಡಿಸಲು ಪುರಸಭೆಯು ಒಪ್ಪಿಗೆಯಿತ್ತಿತು. ಅಲ್ಲಿಯ ನಿವಾಸಿಯೊಬ್ಬರು ನ್ಯಾಯಾಲಯಕ್ಕೆ ಹೋದರು. ಒಪ್ಪಿಗೆಯು ಯೋಜನೆಗೆ ವಿರುದ್ಧವೆಂದು ಕಂಡರೂ, ಕಟ್ಟುವವರ ಹಣವು ವೆಚ್ಚವಾಗಿರಬಹುದೆಂಬ ಕಾರಣದಿಂದ ಉಚ್ಚ ನ್ಯಾಯಾಲಯವು ಅದನ್ನು ರದ್ದುಮಾಡಲಿಲ್ಲ. 1974ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ನಿಲುವನ್ನು ತಳ್ಳಿಹಾಕಿತು. ಯೋಜನೆಯಿರುವುದು ಸಾರ್ವಜನಿಕರ ಹಿತಕ್ಕಾಗಿ. ಆ ಪ್ರದೇಶದ ಪ್ರತಿಯೊಬ್ಬ ನಿವಾಸಿಗೂ ಅದು ನಡೆಯುವುದರಲ್ಲಿ ಸ್ವಂತ ಹಿತವಿದೆ. ಅಧಿಕಾರವನ್ನು ಮೀರಿ ಕೊಟ್ಟದ್ದು ಯಾರು ಸುಮ್ಮನಿದ್ದರೂ ಸಿಂಧುವಾಗಲಾರದು ಎಂಬುದು ಆ ತೀರ್ಪಿನ ಸಾರಾಂಶ. ಅಲ್ಲಿನ ವಿವಾದವು ಬಿಡುಜಾಗದ್ದಲ್ಲ, ಕಟ್ಟಡದ ಉಪಯೋಗದ್ದು. ಆದರೆ ತತ್ತ್ವವು ಒಂದೇ: ತನ್ನದಲ್ಲದ್ದನ್ನು ದಾನ ಮಾಡಲು ಯಾವ ಮಂಡಳಿಗೂ ಅಧಿಕಾರವಿಲ್ಲ.

ಎರಡನೆಯ ಆಕ್ಷೇಪ: "ದಂಡ ಕಟ್ಟಿದರೆ ಸಾಲದೆ?" ಕರ್ನಾಟಕದಲ್ಲಿ ಅಕ್ರಮ-ಸಕ್ರಮವೆಂಬ ಹೆಸರು ಮನೆಮಾತಾಗಿದೆ. 2004ರಲ್ಲಿ ಅದಕ್ಕಾಗಿ ಶಾಸನ ಮಾಡಿದರು; 2014ರಲ್ಲಿ ನಿಯಮಗಳು ಹೊರಟವು. ವಾಸದ ಕಟ್ಟಡಗಳಲ್ಲಿ ಶೇಕಡ 50ರವರೆಗೂ, ವಾಣಿಜ್ಯ ಮುಂತಾದ ಇತರ ಕಟ್ಟಡಗಳಲ್ಲಿ ಶೇಕಡ 25ರವರೆಗೂ ಆದ ಉಲ್ಲಂಘನೆಯನ್ನು ಹಣ ಕಟ್ಟಿಸಿಕೊಂಡು ಸಕ್ರಮ ಮಾಡುವುದು ಅದರ ಉದ್ದೇಶವಾಗಿತ್ತು. ಉಚ್ಚ ನ್ಯಾಯಾಲಯವು 2016ರಲ್ಲಿ ಅದನ್ನು ಎತ್ತಿಹಿಡಿಯಿತು. 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ತಡೆಯಾಜ್ಞೆಯನ್ನಿತ್ತಿತು. ನಮ್ಮ ಆಂಧ್ರದಲ್ಲಿಯೂ 2007ರಿಂದೀಚೆಗೆ ದಂಡ ಪಡೆದು ಕಟ್ಟಡಗಳನ್ನು ಕ್ರಮಬದ್ಧಗೊಳಿಸುವ ಯೋಜನೆಗಳು ಮತ್ತೆ ಮತ್ತೆ ಬಂದಿವೆ. ಲಕ್ಷಾಂತರ ಜನರ ಮನೆಗಳನ್ನು ಕೆಡವಲಾಗದೆಂಬ ಕರುಣೆ ಇವುಗಳಲ್ಲಿ ಇಲ್ಲದಿಲ್ಲ. ಆದರೆ ಲೆಕ್ಕವನ್ನು ನೋಡಿರಿ: ದಂಡದ ಹಣವು ಖಜಾನೆಗೆ ಹೋಗುತ್ತದೆ, ಕತ್ತಲೆಯು ನೆರೆಮನೆಯಲ್ಲಿಯೇ ಉಳಿಯುತ್ತದೆ. ಒಬ್ಬನಿಗಾದ ನಷ್ಟಕ್ಕೆ ಇನ್ನೊಬ್ಬನ ಕೈಗೆ ಬೆಲೆ ಕೊಟ್ಟರೆ ಸಾಲ ತೀರಿದಂತಾಗುವುದೆ? ಮೇಲಾಗಿ, ಮುಂದೆ ಸಕ್ರಮವಾಗುವುದೆಂಬ ನಂಬಿಕೆಯಿದ್ದಲ್ಲಿ, ನಿಯಮದಂತೆ ನೆಲ ಬಿಟ್ಟವನೇ ಮೂರ್ಖನೆನಿಸಿಕೊಳ್ಳುತ್ತಾನೆ. ಮಕ್ಕಳ ಎದುರಿಗೆ ಇದಕ್ಕಿಂತ ಕೆಟ್ಟ ಪಾಠವಿಲ್ಲ.

ಆದರೂ ಒಂದು ಮಾತನ್ನು ನ್ಯಾಯವಾಗಿ ಒಪ್ಪಬೇಕು. ದೊಡ್ಡ ನಿವೇಶನದವನಿಗೆ ಮೂರಡಿಯೆಂದರೆ ಹೂವಿನ ಪಾತಿ. ಹತ್ತಡಿ ಅಗಲದ ಜಾಗದಲ್ಲಿ ಹೊಲಿಗೆ ಯಂತ್ರವನ್ನಿಟ್ಟು ಬದುಕುವವನಿಗೆ ಅದು ಅವನ ಅನ್ನ. ರಾಯದುರ್ಗದಲ್ಲಿ ಬಟ್ಟೆ ಹೊಲಿದು ಜೀವಿಸುವ ಸಂಸಾರಗಳನ್ನು ಕಂಡವರಿಗೆ ಇದು ತಿಳಿಯದ್ದಲ್ಲ. ಆದುದರಿಂದಲೇ ಆಂಧ್ರದ 2017ರ ಕಟ್ಟಡ ನಿಯಮಗಳಲ್ಲಿ ಸಣ್ಣ ನಿವೇಶನಗಳಿಗೆ ಕಡಿಮೆ ಬಿಡುಜಾಗವನ್ನು ಹೇಳಿದೆ. ರಸ್ತೆಯನ್ನು ಅಗಲ ಮಾಡುವುದಕ್ಕಾಗಿ ನೆಲವನ್ನು ಬಿಟ್ಟುಕೊಟ್ಟವರಿಗೆ ರಿಯಾಯಿತಿಯ ದಾರಿಯನ್ನೂ ತೆರೆದಿದೆ. ಬಡವನ ಕಷ್ಟವು ನಿಯಮದಲ್ಲಿಯೇ ಎಲ್ಲರಿಗೂ ಕಾಣುವಂತೆ ಇರಬೇಕು. ಅವನು ಅದನ್ನು ಗುಟ್ಟಾಗಿ ಬೇಡಿ ಪಡೆಯುವಂತೆ ಆಗಬಾರದು. ಗುಟ್ಟಾಗಿ ದೊರೆಯುವ ವಿನಾಯಿತಿಯು ಬಡವನಿಗಿಂತ ಮೊದಲು ಬಲ್ಲವನಿಗೆ ದೊರೆಯುತ್ತದೆ.

ಕಳೆದ ವರ್ಷ ಇನ್ನೊಬ್ಬರು ಅರ್ಜಿ ಬರೆಸಲು ಬಂದರು. ಈ ಸಲ ನಾನು ಮೊದಲು ಸ್ಥಳಕ್ಕೆ ಹೋದೆನು. ರಸ್ತೆ ಅಗಲವಾದಾಗ ಅವರ ನಿವೇಶನದ ಮುಂಭಾಗವು ಹೋಗಿ, ಉಳಿದದ್ದು ಓರೆಯಾಗಿ ಕಿರಿದಾಗಿತ್ತು. ಮುಂದಿನ ಬಿಡುಜಾಗದಲ್ಲಿ ರಿಯಾಯಿತಿ ಕೇಳಲು ಅವರಿಗೆ ನಿಜವಾದ ಕಾರಣವಿತ್ತು. ಅದರೊಡನೆ, ಪಕ್ಕದ ಜಾಗವನ್ನೂ ಮುಚ್ಚಿ ಗೋದಾಮು ಮಾಡಬೇಕೆಂಬ ಆಸೆಯೂ ಇತ್ತು. ಆ ಪಕ್ಕದಲ್ಲಿ ಒಬ್ಬ ವೃದ್ಧೆಯ ಅಡಿಗೆಮನೆಯ ಕಿಟಕಿಯಿತ್ತು. ಮೊದಲನೆಯದನ್ನು ಬರೆಯುತ್ತೇನೆ, ಎರಡನೆಯದನ್ನು ಆ ಅಜ್ಜಿಯ ಒಪ್ಪಿಗೆಯಿಲ್ಲದೆ ಬರೆಯಲಾರೆ ಎಂದೆನು. ಅವರಿಗೆ ಕೋಪ ಬಂದಿತು. "ಬರೆಯಲು ಬೇರೆಯವರು ಇದ್ದಾರೆ" ಎಂದರು. ಅದು ನಿಜವೇ. ಆದರೂ ಕೆಲವು ದಿನಗಳ ಮೇಲೆ ಬಂದು ಮೊದಲನೆಯದನ್ನು ಮಾತ್ರ ಬರೆಸಿಕೊಂಡು ಹೋದರು. ಅಜ್ಜಿಯನ್ನು ಕೇಳಿದರೋ ಇಲ್ಲವೋ ನಾನು ವಿಚಾರಿಸಲಿಲ್ಲ. ಈಗ ದಾರಿಯಲ್ಲಿ ಕಂಡರೆ ಮೊದಲಿನಷ್ಟು ಮಾತಾಡುವುದಿಲ್ಲ. ಅದೊಂದು ನಷ್ಟವೇ, ಆದರೆ ತಾಳಬಹುದಾದ ನಷ್ಟ.

ಇದರಿಂದ ನಾನು ಕಂಡುಕೊಂಡದ್ದು ಇಷ್ಟು. ವಿನಾಯಿತಿಯನ್ನು ಕೇಳುವವನು, ಕೊಡುವವನು, ಅವನ ಪರವಾಗಿ ಬರೆಯುವವನು ಈ ಮೂವರೂ ಮೂರು ಪ್ರಶ್ನೆಗಳನ್ನು ತಮಗೆ ತಾವೇ ಹಾಕಿಕೊಳ್ಳಬೇಕು. ಈ ಕಷ್ಟವು ನೆಲದಿಂದ ಬಂದುದೋ, ಆಸೆಯಿಂದ ಬಂದುದೋ? ಇದರ ಬೆಲೆಯನ್ನು ತೆರುವವರು ಯಾರು, ಅವರನ್ನು ಕೇಳಿದ್ದಾಯಿತೆ? ಇದೇ ಕಾರಣವನ್ನು ಕೇರಿಯವರೆಲ್ಲರೂ ಹೇಳಿ ಇದನ್ನೇ ಕೇಳಿದರೆ ಕೇರಿಯು ಉಳಿಯುವುದೆ? ಈ ಮೂರಕ್ಕೂ ನಿರ್ಭಯವಾಗಿ ಉತ್ತರ ಹೇಳಬಲ್ಲವನು ಸಂಕೋಚವಿಲ್ಲದೆ ಅರ್ಜಿ ಹಾಕಲಿ. ಅವನು ಕೇಳುವುದು ಭಿಕ್ಷೆಯಲ್ಲ, ನ್ಯಾಯ. ಉತ್ತರ ಹೇಳಲಾರದವನಿಗೆ ಮಂಡಳಿಯು ಒಪ್ಪಿದರೂ ಅದು ಧರ್ಮವಾಗದು.

ವಿದ್ಯಾರ್ಥಿಗಳೇ, ನೀವು ಮುಂದೆ ಮನೆ ಕಟ್ಟುವಿರಿ, ಅಂಗಡಿ ಕಟ್ಟುವಿರಿ. ನಿಮ್ಮಲ್ಲಿ ಕೆಲವರು ಮಂಡಳಿಗಳಲ್ಲಿ ಕುಳಿತು ಸಹಿಯನ್ನೂ ಹಾಕುವಿರಿ. ಆಗ ಅರ್ಜಿಯ ಕಾಗದವನ್ನು ಕೈಗೆ ತೆಗೆದುಕೊಂಡು ಒಮ್ಮೆ ಆ ಸ್ಥಳಕ್ಕೆ ನಡೆದುಹೋಗಿರಿ. ಅರ್ಜಿದಾರನ ಬಾಗಿಲಿಗೆ ಹೋಗುವ ಮುನ್ನ ಪಕ್ಕದ ಮನೆಯ ಕಿಟಕಿಯ ಬಳಿ ನಿಂತು ನೋಡಿರಿ. ಅಂದು ಪ್ರಶ್ನೆ ಕೇಳಿದ ಹುಡುಗನು ಈಗ ಹೈಸ್ಕೂಲಿನಲ್ಲಿದ್ದಾನೆ. ಅವನಿಗೆ ಕೊಟ್ಟ ಉತ್ತರವನ್ನು ಸ್ವಲ್ಪ ತಿದ್ದಿ ಹೇಳಬೇಕಾಗಿದೆ. ಅಂಚು ತಿದ್ದುವವರಿಗೆ ಮಾತ್ರವಲ್ಲ. ನಮ್ಮ ಪಕ್ಕದಲ್ಲಿ ಇನ್ನೊಬ್ಬರಿದ್ದಾರೆಂದು ನೆನಪಿಟ್ಟುಕೊಳ್ಳುವುದಕ್ಕೂ ಅದು ಬೇಕು.